ಕರಿಹಳ್ಳ ಬಂದ ಸಂಜೆ

ಬನ್ನಿಹಾಳದಲ್ಲಿ ಯಾರನ್ನು ಕೇಳಿದರೂ ವಾಲಿಕಾರ ಮಾಲವ್ವನ ಮನೆ ತೋರಿಸುತ್ತಾರೆ. ಸರಕಾರದ ಕಾಗದದಲ್ಲಿ ಆಕೆ ಗ್ರಾಮ ಸಹಾಯಕಿ, ಊರಿಗೆ ಮಾತ್ರ ವಾಲಿಕಾರಳೇ. ಗ್ರಾಮಲೆಕ್ಕಿಗ ತಲಾಠಿ ಬರುವ ದಿನ ಕಚೇರಿ ಬಾಗಿಲು ತೆಗೆಯುವುದು, ನೋಟೀಸು ಮುಟ್ಟಿಸುವುದು, ಬೆಳೆ ಹಾಳಾದಾಗ ಯಾರ ಹೊಲ ಎಲ್ಲಿಂದ ಎಲ್ಲಿಗೆ ಎಂದು ತೋರಿಸುವುದು, ಯಾರಾದರೂ ಬಾವಿಗೆ ಬಿದ್ದು ಸತ್ತರೆ ಪೊಲೀಸರು ಬರುವ ತನಕ ಹೆಣ ಕಾಯುವುದು, ಎಲ್ಲ ಆಕೆಯದೇ ಕೆಲಸ.

ಬನ್ನಿಹಾಳ ಎಂದರೆ ದೊಡವಾಡದಿಂದ ಏಳೆಂಟು ಕಿಲೋಮೀಟರ್ ಒಳಗೆ, ಎರೆಹೊಲಗಳ ನಡುವೆ ಕೂತ ಊರು. ಅಲ್ಲಿ ಮಾಲವ್ವನ ಮಾವ ಗಂಗಪ್ಪ ಮೂವತ್ನಾಲ್ಕು ವರ್ಷ ವಾಲಿಕಾರನಾಗಿದ್ದ. ಕೊರಳಿಗೆ ಹಲಗಿ ಹಾಕಿಕೊಂಡು ಓಣಿ ಓಣಿ ತಿರುಗಿ ಡಂಗುರ ಸಾರಿದವನು. ಮೊಣಕಾಲು ಹೋದ ಮೇಲೆ ಆ ಕೆಲಸ ಮಗನಿಗೆ ಬರಬೇಕಿತ್ತು. ಮಗ ಪರಶು ಬೆಳಗಾವಿಯಲ್ಲಿ ಮನೆ ಕಟ್ಟುವ ಗೌಂಡಿ, ವಾರಕ್ಕೊಮ್ಮೆ ಊರಿಗೆ ಬರುವವನು. ‘ಆ ಹಲಗಿ ನನ್ನ ಕೊಳ್ಳಾಗ ಬ್ಯಾಡ’ ಎಂದುಬಿಟ್ಟ. ಹತ್ತನೆಯ ತರಗತಿ ಪಾಸಾಗಿದ್ದ ಸೊಸೆ ಮಾಲಾ ಮುಂದೆ ಬಂದಳು. ಮೊದಲ ದಿನವೇ ಪಂಚಾಯ್ತಿಯಲ್ಲಿ ನಿಂತು ಹೇಳಿದಳು: “ಡಂಗುರಾ ಸಾರತೇನ್ರಿ. ಹಲಗಿ ಮಾತ್ರ ಬಾರಸೂದಿಲ್ರಿ. ಒಂದು ಮೈಕ್ ಕೊಡ್ರಿ.”

ಮೈಕು ಬರಲಿಲ್ಲ. ಹಾಗಂತ ಆಕೆ ಹಲಗಿಯನ್ನೂ ಮುಟ್ಟಲಿಲ್ಲ. ಮೂರು ತಿಂಗಳು ಒಂದೊಂದೇ ಬಾಗಿಲು ಬಡಿದು ಸುದ್ದಿ ಹೇಳಿದಳು. ಊಟಕ್ಕೆ ಕೂತವರನ್ನು ಎಬ್ಬಿಸಿದಳು, ಮಲಗಿದವರನ್ನು ಎಬ್ಬಿಸಿದಳು. ಕೊನೆಗೆ ಸದಸ್ಯರಿಗೇ ಬೇಸರ ಬಂದು ಧಾರವಾಡದಿಂದ ಒಂದು ಕೈಮೈಕು ತರಿಸಿಕೊಟ್ಟರು. ಐದು ವರ್ಷದಿಂದ ಬನ್ನಿಹಾಳಕ್ಕೆ ಆ ಮೈಕಿನ ದನಿಯೇ ಸರಕಾರದ ದನಿ.

ಕಳೆದ ವರ್ಷ ರೋಹಿಣಿ ಮಳೆ ಹೂಡಿ ಮೂರು ದಿನವಾಗಿತ್ತು. ಹೂಡಿದ್ದು ಪಂಚಾಂಗದಲ್ಲಿ ಮಾತ್ರ, ನೆಲಕ್ಕೆ ಹನಿ ಬಿದ್ದಿರಲಿಲ್ಲ. ಹರಗಿದ ಹೊಲಗಳು ಸೋಯಾಬೀನಿಗಾಗಿ ಬಾಯಿ ತೆರೆದು ಬಿದ್ದಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ತಲಾಠಿ ರಾಜೇಶ್ವರಿ ಮೇಡಂ ಮೊಬೈಲಿಗೆ ಸಂದೇಶ ಕಳಿಸಿದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಸಂಜೆ ಬಿರುಗಾಳಿ, ಗುಡುಗು, ಭಾರಿ ಮಳೆ. ಹಳ್ಳಗಳಿಗೆ ಒಮ್ಮೆಲೇ ನೀರು ಬರಬಹುದು. ಆ ತಿಂಗಳಲ್ಲಿ ಅಂಥ ಸಂದೇಶ ಬಂದಿದ್ದು ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ ಮೋಡ ಬಂದು ನೋಡಿ ಹೋಗಿತ್ತು.

ಮಾಲವ್ವ ಮೈಕು ಹಿಡಿದು ಹೊರಟಳು.

“ಗಿಡದ ಬುಡಕ್ಕ ದನಾ ಕಟ್ಟಬ್ಯಾಡ್ರಿ. ತಗಡ ತಂತಿಲೇ ಬಿಗೀರಿ, ಬರೇ ಕಲ್ಲ ಹೇರಬ್ಯಾಡ್ರಿ, ಗಾಳಿಗೆ ಕಲ್ಲ ತಲಿ ಮ್ಯಾಲೆ ಬೀಳತಾವ. ವಾಯರ್ ಹರದ ಬಿದ್ರ ಯಾರೂ ಮುಟ್ಟಬ್ಯಾಡ್ರಿ. ಸಂಜಿ ಮುಂದ ಕರಿಹಳ್ಳಕ್ಕ ಇಳೀಬ್ಯಾಡ್ರಿ, ದಾಟಬ್ಯಾಡ್ರಿ.”

ಚಹಾದಂಗಡಿ ಮುಂದೆ ಕೂತವರು ನಕ್ಕರು. ‘ಮಾಲವ್ವ, ನಿನ್ನ ಮೈಕಿಗೆ ಮಳಿ ಹೆದರಿ ಓಡತೈತಿ ನೋಡು’ ಎಂದ ಒಬ್ಬ. ಆಕೆ ನಗಲಿಲ್ಲ, ನಿಲ್ಲಲೂ ಇಲ್ಲ.

ಮಡಿವಾಳೆಪ್ಪನ ಮನೆ ಮುಂದೆ ಹಂದರ ಹಾಕಿದ್ದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವನ ಮಗನ ಮದುವೆಯ ಅಕ್ಕಿಕಾಳು, ಸವದತ್ತಿ ಕಡೆಯ ಹೆಣ್ಣಿನ ಊರಲ್ಲಿ. ಮದುಮಗ ಮತ್ತು ನಾಲ್ಕು ಮಂದಿ ಹಿರಿಯರು ಬೆಳಿಗ್ಗೆಯೇ ಹೋಗಿದ್ದರು. ದಿಬ್ಬಣದ ಉಳಿದ ಮಂದಿ ಸಂಜೆ ಟ್ರ್ಯಾಕ್ಟರಿನಲ್ಲಿ ಹೊರಡುವುದಿತ್ತು. ಮಡಿವಾಳೆಪ್ಪ ಕೆಟ್ಟವನಲ್ಲ. ಊರಿನ ಶಾಲೆಗೆ ಜಾಗ ಕೊಟ್ಟ ಮನೆತನದವನು, ಕೂಲಿಯವರ ಮೇಲೆ ಎಂದೂ ಕೈ ಎತ್ತಿದವನಲ್ಲ. ಮೈಕಿನ ದನಿ ಕೇಳಿ ಹೊರಗೆ ಬಂದು, “ಮಾಲವ್ವ, ಇವತ್ತರ ಅಪಶಕುನ ನುಡೀಬ್ಯಾಡ. ಬಾ, ಉಂಡು ಹೋಗು” ಎಂದ.

“ಸಾವ್ಕಾರ್ರ, ಹೋಗೂದಿದ್ರ ಈಗ ಹೋಗ್ರಿ. ಇಲ್ಲಾ, ದೊಡವಾಡದ ಮ್ಯಾಲೆ ಸುತ್ತ ಹಾಕಿ ಹೋಗ್ರಿ. ಸಂಜಿ ಮುಂದ ಹಳ್ಳದ ದಾರಿ ಬ್ಯಾಡ್ರಿ.”

“ಸುತ್ತ ಹಾಕಿದ್ರ ಮೂವತ್ತು ಕಿಲೋಮೀಟರ್ ಆಗತೈತಿ. ಹೆಣ್ಮಕ್ಕಳು ಇನ್ನಾ ಬುತ್ತಿ ಕಟ್ಟಾಕತ್ತಾರ. ನೋಡೂಣು ಬಿಡು.”

ಮೂರೂವರೆಯ ಹೊತ್ತಿಗೆ ಗಾಳಿ ಸತ್ತುಹೋಯಿತು. ಬೇವಿನ ಎಲೆ ಅಲುಗಲಿಲ್ಲ. ಪಡುವಣದಲ್ಲಿ, ಕಿತ್ತೂರಿನ ದಿಕ್ಕಿಗೆ, ಮೋಡ ಗೋಡೆ ಕಟ್ಟಿದಂತೆ ಎದ್ದು ನಿಂತಿತು. ಅದರ ಬುಡ ಮಸಿಯಂತೆ ಕಪ್ಪು, ಮೇಲೆ ಹಾವಿನ ಹೊಟ್ಟೆಯಂಥ ಹಸಿರು. ದನಗಳು ಹಗ್ಗ ಜಗ್ಗತೊಡಗಿದವು. ಕೋಳಿಗಳು ಹೊತ್ತಿಗೆ ಮುಂಚೆ ಗೂಡು ಸೇರಿದವು. ನಾಲ್ಕೂಕಾಲರ ಹೊತ್ತಿಗೆ ದೂರದಲ್ಲಿ ಲಾರಿ ಸಾಲಾಗಿ ಬರುವಂತೆ ಸದ್ದು ಕೇಳಿತು. ಮಾಲವ್ವ ಪಂಚಾಯ್ತಿ ಕಚೇರಿಯ ಕಿಟಕಿ ಮುಚ್ಚುತ್ತಿದ್ದಳು. ಸದ್ದು ಹತ್ತಿರ ಬಂದಾಗ ಅದು ಲಾರಿಯಲ್ಲ ಎಂದು ಗೊತ್ತಾಯಿತು.

ಗಾಳಿ ಊರಿನ ಮೇಲೆ ಇಪ್ಪತ್ತು ನಿಮಿಷ ಇತ್ತು, ಹೆಚ್ಚಿಲ್ಲ. ಅಷ್ಟರಲ್ಲಿ ಮಡಿವಾಳೆಪ್ಪನ ಹಂದರ ಕಿತ್ತು ಗುಡಿಯ ಹಿಂದೆ ಬಿತ್ತು. ಹನ್ನೊಂದು ಕರೆಂಟಿನ ಕಂಬ ಮುರಿದವು. ತಗಡುಗಳು ಹಾಳೆಯಂತೆ ಹಾರಿ ಹೊಲ ಸೇರಿದವು. ಊರ ಬಾಗಿಲಿನ ಹುಣಸೆಮರದ ಅರ್ಧ ಮೈ ಸೀಳಿ ರಸ್ತೆಗೆ ಒರಗಿತು. ಮಳೆ ಮಾತ್ರ ಬರಲಿಲ್ಲ. ನೆಲ ತೊಯ್ಯುವಷ್ಟೂ ಬೀಳದೆ ನಾಲ್ಕು ದಪ್ಪ ಹನಿ ಉದುರಿಸಿ ಮೋಡ ಅಲ್ಲೇ ಪಡುವಣದಲ್ಲಿ ನಿಂತುಬಿಟ್ಟಿತು.

ಮಾಲವ್ವ ಮನೆಗೆ ಓಡಿದಳು. ತಗಡು ಅರ್ಧ ಹೋಗಿತ್ತು. ಮೂಡಣ ಗೋಡೆ ಮೇಲಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ಗಂಗಪ್ಪ ಮೂಲೆಯಲ್ಲಿ ಬುದ್ಧನ ಫೋಟೊ ಎದೆಗೆ ಅವಚಿಕೊಂಡು ಕೂತಿದ್ದ.

“ಮಾವಾರ, ಏಳ್ರಿ. ಸಾಲಿಗೆ ಹೋಗೂಣು. ಈ ಗ್ವಾಡಿ ನಿಲ್ಲೂದಿಲ್ಲ.”

ಆಗಲೇ ಆಕೆಯ ಮೊಬೈಲು ಬಡಿದುಕೊಂಡಿತು. ಹಳ್ಳದ ಮೇಲ್ಭಾಗದ ಊರಿನ ವಾಲಿಕಾರ ಭರಮಪ್ಪ. ಗಾಳಿಯಲ್ಲಿ ಅವನ ಮಾತು ಹರಿದು ಹರಿದು ಬರುತ್ತಿತ್ತು. “ತಂಗಿ, ಇಲ್ಲಿ ಆಕಾಶ ಹರದ ಬಿದ್ದಂಗ ಸುರಿಯಾಕತ್ತೇತಿ. ನಮ್ಮ ಬ್ರಿಜ್ಜ ಮುಳಗಿ ಅರ್ಧಾ ತಾಸಾತು. ನಿಮ್ಮ ಕಡೆ ಬರಾಕತ್ತೇತಿ, ಹಳ್ಳದ ಕಡೆ ಯಾರನ್ನೂ...” ಅಷ್ಟಕ್ಕೆ ಸದ್ದು ನಿಂತಿತು. ಮತ್ತೆ ಹಚ್ಚಿದರೆ ನೆಟ್‌ವರ್ಕ್ ಇಲ್ಲ.

ಮಾಲವ್ವ ಗೋಡೆ ನೋಡಿದಳು, ಮಾವನನ್ನು ನೋಡಿದಳು. ಗಂಗಪ್ಪ ಹೇಳಿದ: “ಹೋಗು. ಗ್ವಾಡಿ ಬಿದ್ರ ನನ್ನೊಬ್ಬನ ಮ್ಯಾಲೆ ಬೀಳತೈತಿ.” ಮತ್ತೆ ಹೇಳಿದ: “ಮೊದಲ ಕಡ್ಡಿ ಕಸಾ ಬರತಾವ. ಆಮ್ಯಾಲೆ ನೀರಿನ ಬಣ್ಣ ತಿರಗತೈತಿ. ಬಣ್ಣ ತಿರಗಿದ ಮ್ಯಾಲೆ ಯಾರನ್ನೂ ಬಿಡಬ್ಯಾಡ.”

ಪಕ್ಕದ ಮನೆಯ ಯಲ್ಲವ್ವನನ್ನು ಕೂಗಿ ಮುದುಕನನ್ನು ಶಾಲೆಗೆ ಕರೆದೊಯ್ಯಲು ಹೇಳಿ, ಮಾಲವ್ವ ಹಳ್ಳದ ದಾರಿ ಹಿಡಿದು ಓಡಿದಳು. ಊರಿಂದ ಹಳ್ಳಕ್ಕೆ ಒಂದು ಕಿಲೋಮೀಟರ್.

ಕರಿಹಳ್ಳದ ಸೇತುವೆ ಎಂದರೆ ನೆಲಮಟ್ಟದ ಕಾಂಕ್ರೀಟು, ಕೆಳಗೆ ನಾಲ್ಕು ಸಿಮೆಂಟ್ ಕೊಳವೆ, ಪಕ್ಕಕ್ಕೆ ಮೊಣಕಾಲೆತ್ತರದ ಕಲ್ಲುಗಳು. ಆಕೆ ಮುಟ್ಟಿದಾಗ ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರು ತೆಳ್ಳಗೆ ಹರಿಯುತ್ತಿತ್ತು. ಒಣ ಕಡ್ಡಿ, ಜಾಲಿಮುಳ್ಳು, ಯಾರದೋ ಹೊಲದ ಜೋಳದ ಕಣಕಿ ತೇಲಿ ಬರುತ್ತಿದ್ದವು. ನೀರು ಇನ್ನೂ ತಿಳಿಯಾಗಿತ್ತು.

ಹಿಂದೆಯೇ ಟ್ರ್ಯಾಕ್ಟರಿನ ಸದ್ದು. ಗಾಳಿ ನಿಂತದ್ದೇ ತಡ, ಅಡ್ಡ ಬಿದ್ದ ಹುಣಸೆಯ ಪಕ್ಕದ ಹೊಲದಲ್ಲಿ ಹಾಯಿಸಿಕೊಂಡು ದಿಬ್ಬಣದ ಮಂದಿ ಹೊರಟುಬಿಟ್ಟಿದ್ದರು. ಟ್ರೇಲರ್ ತುಂಬ ನಲವತ್ತು ಮಂದಿ, ಹೆಚ್ಚಿನವರು ಹೆಣ್ಣುಮಕ್ಕಳು, ಮಡಿಲಲ್ಲಿ ಕೂಸುಗಳು. ಓಡಿಸುತ್ತಿದ್ದವನು ಸೋಮಪ್ಪ. ಹದಿನಾರು ವರ್ಷದಿಂದ ಮಡಿವಾಳೆಪ್ಪನ ಮನೆಯ ಟ್ರ್ಯಾಕ್ಟರ್ ಓಡಿಸಿದವನು, ಮಾತು ಕಡಿಮೆ, ಯಾವ ಕೆಲಸಕ್ಕೂ ಇಲ್ಲ ಅನ್ನದವನು. ಮಡಿವಾಳೆಪ್ಪ ಅವನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತಿದ್ದ.

ಮಾಲವ್ವ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು.

“ನಿಲ್ಲಸ್ರಿ! ಹಳ್ಳಾ ಬರಾಕತ್ತೇತಿ.”

ಮಡಿವಾಳೆಪ್ಪ ಕೂತಲ್ಲಿಂದಲೇ ಬಾಗಿ ನೋಡಿದ. “ಎಲ್ಲೈತಿ ಹಳ್ಳ? ಹಿಮ್ಮಡ ಮುಳಗೂದಿಲ್ಲ. ಇಲ್ಲಿ ಮಳೀನ ಬಿದ್ದಿಲ್ಲಲ್ಲ.”

“ಮ್ಯಾಲೆ ಬಿದ್ದೇತ್ರಿ ಸಾವ್ಕಾರ್ರ. ಭರಮಪ್ಪ ಫೋನ್ ಮಾಡಿದ್ದ, ಅವರ ಬ್ರಿಜ್ಜ ಮುಳಗೇತಿ.”

“ಮುಳಗಿದ್ರ ಇಲ್ಲಿಗೆ ಬರೂದಕ್ಕ ತಾಸ ಹಿಡೀತೈತಿ. ನಾವು ಎರಡ ನಿಮಿಷದಾಗ ದಾಟತೇವಿ. ಸರಿ, ಬಾಜೂಕ ಸರಿ.”

ಆಕೆ ಸರಿಯಲಿಲ್ಲ. ಕಾಲಿನ ಒಂದು ಚಪ್ಪಲಿ ತೆಗೆದು ನೀರಿನ ಅಂಚಿನಲ್ಲಿ, ಒಣಗಿದ ರಸ್ತೆಯ ಮೇಲೆ ಇಟ್ಟಳು. “ನನ್ನ ಮಾತ ನಂಬಬ್ಯಾಡ್ರಿ. ಈ ಚಪ್ಪಲ ನೋಡ್ರಿ. ಐದ ನಿಮಿಷ ನಿಲ್ರಿ. ಇದು ಇಲ್ಲೇ ಒಣಾ ಇದ್ರ ನಾನ ದಾರಿ ಬಿಡತೇನಿ.”

ಟ್ರೇಲರಿನ ಗಂಡಸರು ಕೂಗಾಡಿದರು. ಒಬ್ಬನ ಬಾಯಿಂದ ಆಕೆಯ ಓಣಿಯ ಹೆಸರು ಹಿಡಿದು ಒಂದು ಮಾತು ಬಂತು. ಅದನ್ನು ಕೇಳಿಯೂ ಮಾಲವ್ವ ಅವನ ಕಡೆ ತಿರುಗಲಿಲ್ಲ, ಚಪ್ಪಲಿಯ ಮೇಲಿನ ಕಣ್ಣು ಕೀಳಲಿಲ್ಲ. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಜಗಳ ಇನ್ನೂ ಮುಗಿದಿರಲಿಲ್ಲ, ನೀರು ಚಪ್ಪಲಿಯ ಹಿಮ್ಮಡಿಗೆ ಬಂತು, ಸುತ್ತ ಹಾಯಿತು. ಚಪ್ಪಲಿ ಒಂದು ಸಲ ತಿರುಗಿ ತೇಲಿ ಹೋಯಿತು. ಹೋಗುವಾಗ ಅದರ ಸುತ್ತಲ ನೀರು ಕೆಂಪಾಗಿತ್ತು.

ಟ್ರೇಲರಿನಲ್ಲಿ ಮಡಿವಾಳೆಪ್ಪನ ತಾಯಿ ದೇವಕ್ಕ, ಎಂಬತ್ತರ ಹತ್ತಿರದ ಮುದುಕಿ, ಮೊದಲು ಎದ್ದಳು. ಆಕೆಯ ತವರು ಮಲಪ್ರಭೆಯ ದಂಡೆಯ ಊರು. “ಇಳೀರವಾ ಎಲ್ಲಾರೂ. ಮಕ್ಕಳನ್ನ ಇಳಸ್ರಿ” ಎಂದಳು. ಮಗ ಏನೋ ಹೇಳಲು ಬಂದ. “ನೀ ಸುಮ್ನಿರು. ನೀರಿನ ಬಣ್ಣ ನಿನಗೇನ ಗೊತ್ತು?” ಎಂದಳು. ಹೆಂಗಸರು ಗಂಡಸರ ಅಪ್ಪಣೆಗೆ ಕಾಯಲಿಲ್ಲ. ಕೂಸುಗಳನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿ, ಇಳಿದು, ರಸ್ತೆಯ ಏರು ಹತ್ತಿ ನಿಂತರು.

ಅಲ್ಲಿಗೆ ಮುಗಿದಿದ್ದರೆ ಇದು ಬೇರೆ ಕಥೆಯಾಗುತ್ತಿತ್ತು.

ಟ್ರೇಲರಿನಲ್ಲಿ ಒಂದು ಟ್ರಂಕು ಇತ್ತು. ತಾಳಿ, ಬಂಗಾರ, ಹೆಣ್ಣಿಗೆ ಉಡಿಸುವ ಸೀರೆ ಎಲ್ಲ ಅದರಲ್ಲೇ. ಮಡಿವಾಳೆಪ್ಪ ಟ್ರಂಕು ನೋಡಿದ, ಆಚೆ ದಂಡೆ ನೋಡಿದ. ನೀರು ಆಗ ಮೊಣಕಾಲಿಗಿಂತ ಕೆಳಗೇ ಇತ್ತು. “ಮಂದಿ ಇಲ್ಲೇ ಇರಲಿ. ಟ್ರೇಲರ್ ಬಿಚ್ರಿ. ಬರೇ ಇಂಜಿನ್ ಹೋಗಲಿ, ದೊಡ್ಡ ಗಾಲಿ ಅದಾವ. ಸೋಮಪ್ಪ, ಟ್ರಂಕ ಅಷ್ಟ ದಾಟಸಿಬಿಡು. ಮುಂಜಾನೆ ಒಂಬತ್ತಕ್ಕ ಅಕ್ಕಿಕಾಳ ಐತಿ. ತಾಳಿ ಇಲ್ದ ಲಗ್ನ ಹೆಂಗ ಆಗಬೇಕು?”

ಸೋಮಪ್ಪ ನೀರು ನೋಡಿದ. “ಹೋಗ್ಲೇನ್ರಿ?” ಎಂದ.

“ಎರಡ ನಿಮಿಷದ ಮಾತು. ಹೋಗು.”

“ಬ್ಯಾಡ ಸೋಮಪ್ಪಣ್ಣಾ” ಎಂದಳು ಮಾಲವ್ವ. ಎಂದಳು, ಅಷ್ಟೇ. ನಲವತ್ತು ಮಂದಿ ಇಳಿದಾಗಿತ್ತು. ಮನೆಯ ಗೋಡೆ ಕಣ್ಣ ಮುಂದೆ ಬಂತು. ಟ್ರೇಲರ್ ಬಿಚ್ಚಿ, ಟ್ರಂಕು ಹೇರಿಕೊಂಡು ಟ್ರ್ಯಾಕ್ಟರ್ ಮುಂದೆ ಬಂದಾಗ ಆಕೆ ಪಕ್ಕಕ್ಕೆ ಸರಿದಳು.

ಟ್ರ್ಯಾಕ್ಟರ್ ಸೇತುವೆಯ ಅರ್ಧಕ್ಕೆ ಸಲೀಸಾಗಿಯೇ ಹೋಯಿತು. ಆಗ ಮೇಲಿನ ತಿರುವಿನಿಂದ ಸದ್ದು ಬಂತು. ನೀರಿನ ಸದ್ದಿಗಿಂತ ಹೆಚ್ಚಾಗಿ ಕಲ್ಲಿಗೆ ಕಲ್ಲು ಉಜ್ಜುವ, ಬೇರು ಹರಿಯುವ ಸದ್ದು. ಬುಡ ಸಮೇತ ಕಿತ್ತ ಜಾಲಿ ಮರಗಳನ್ನು ಮುಂದೆ ನೂಕಿಕೊಂಡು ಕರಿಹಳ್ಳ ತಿರುವಿನಿಂದ ಹೊರಬಂತು. ಮೊಣಕಾಲಿನ ನೀರು ಎದೆಯೆತ್ತರವಾಗಲು ಹತ್ತು ಉಸಿರಿನ ಹೊತ್ತೂ ಹಿಡಿಯಲಿಲ್ಲ. ಇಂಜಿನ್ ಕೆಮ್ಮಿ ನಿಂತಿತು. ಸೋಮಪ್ಪ ಸೀಟಿನ ಮೇಲೆ ಎದ್ದು ನಿಂತು ಈ ದಂಡೆಯ ಕಡೆ ತಿರುಗಿ ಏನೋ ಕೂಗಿದ. ಏನೆಂದು ಯಾರಿಗೂ ಕೇಳಲಿಲ್ಲ. ಒಂದು ಮರ ಬಂದು ಟ್ರ್ಯಾಕ್ಟರಿಗೆ ಬಡಿಯಿತು. ಅಂಚಿನ ಕಲ್ಲುಗಳು ಒಂದರ ಹಿಂದೊಂದು ಕಿತ್ತವು. ಟ್ರ್ಯಾಕ್ಟರ್ ದನ ಮಗ್ಗುಲಾದಂತೆ ನಿಧಾನ ಮಗ್ಗುಲಾಯಿತು. ಆಮೇಲೆ ಅಲ್ಲಿ ನೀರು ಮಾತ್ರ ಇತ್ತು.

ಹೆಂಗಸರು ಚೀರಿದರು. ಮಡಿವಾಳೆಪ್ಪ ನೀರಿಗೆ ಓಡಿದ. ನಾಲ್ಕು ಜನ ಅವನನ್ನು ಹಿಡಿದು ನೆಲಕ್ಕೆ ಕೆಡವಿದರು. ಮಾಲವ್ವ ಒಂದೇ ಚಪ್ಪಲಿಯಲ್ಲಿ ದಂಡೆಯುದ್ದಕ್ಕೆ ಕೆಳಗೆ ಓಡಿದಳು, ಮುಳ್ಳುಕಂಟಿ ಅಡ್ಡ ಬರುವ ತನಕ. ಮೈಕಿನಲ್ಲಿ “ಸೋಮಪ್ಪಣ್ಣಾ, ಗಿಡಾ ಹಿಡಕೋ” ಎಂದು ಕೂಗಿದಳು. ಬೆಳಕು ಹೋಗುವವರೆಗೂ ಕೂಗಿದಳು.

ಮನೆಯ ಗೋಡೆ ಸಂಜೆ ಆರೂವರೆಗೆ ಬಿದ್ದಿತ್ತು. ಗಂಗಪ್ಪ ಶಾಲೆಯ ವರಾಂಡದಲ್ಲಿ, ಯಲ್ಲವ್ವನ ಕೌದಿ ಹೊದ್ದು ಬದುಕಿದ್ದ.

ಸೋಮಪ್ಪ ಮೂರನೆಯ ದಿನ ಬೆಳಿಗ್ಗೆ ಸಿಕ್ಕ, ಐದಾರು ಕಿಲೋಮೀಟರ್ ಕೆಳಗೆ, ಜಾಲಿಕಂಟಿಯ ನಡುವೆ. ಹುಡುಕಲು ಹೋದವರಲ್ಲಿ ಮಾಲವ್ವನೂ ಇದ್ದಳು. ಪೊಲೀಸರು ಬರುವ ತನಕ ಹೆಣ ಕಾಯುವುದು ವಾಲಿಕಾರಳ ಕೆಲಸ, ಕಾಯ್ದಳು. ನೊಣ ಕೂರದಂತೆ ಬೇವಿನ ಟೊಂಗೆ ಬೀಸುತ್ತ, ಬಿಸಿಲಲ್ಲಿ ಮೂರು ತಾಸು.

ಅಂದೇ ಸಂಜೆ ಮಡಿವಾಳೆಪ್ಪನ ತಮ್ಮ ರಾಯಪ್ಪ ಶಾಲೆಗೆ ಬಂದ. ಮಾಲವ್ವನ ಸಂಸಾರ ಆಗ ಅಲ್ಲೇ ಇತ್ತು. ಜೋರು ಮಾಡಲಿಲ್ಲ, ಮೆತ್ತಗೇ ಹೇಳಿದ: “ನಾಳೆ ಫೌಜದಾರ ಜಬಾಬು ಬರಕೋತಾನ. ಸೋಮಪ್ಪ ತಾನಾಗೇ ಹೋದ ಅನ್ನು, ಸಾಕು. ಹೋದಾಂವ ಹೊಳ್ಳಿ ಬರೂದಿಲ್ಲ. ಅವನ ಹೇಂತಿ ಬಾಯವ್ವನ್ನ ನಾವು ಕೈ ಬಿಡೂದಿಲ್ಲ.”

“ವಿಚಾರ ಮಾಡತೇನ್ರಿ” ಎಂದಳು ಮಾಲವ್ವ. ಅವನು ಹೋದ ಮೇಲೆ ಮಾವನ ಮುಖ ನೋಡಿದಳು. ಗಂಗಪ್ಪ ಹೇಳಿದ್ದು ಒಂದೇ ಮಾತು: “ನನ್ನ ಕಾಲದಾಗ ನಾ ಹೆಬ್ಬಟ್ಟ ಒತ್ತತಿದ್ದೆ. ಏನ ಬರದಾರ ಅಂತ ಓದಾಕ ಬರತಿದ್ದಿಲ್ಲ. ನಿನಗ ಬರತೈತಿ.”

ಮರುದಿನ ಪಂಚಾಯ್ತಿ ಕಚೇರಿಯಲ್ಲಿ, ಊರ ಅರ್ಧ ಮಂದಿಯ ಎದುರು, ಆಕೆ ಪೊಲೀಸ್ ಫೌಜದಾರನಿಗೆ ಎಲ್ಲವನ್ನೂ ಹೇಳಿದಳು. ಬಂದ ಸಂದೇಶ, ಬಂದ ಫೋನು, ಚಪ್ಪಲಿ, ಟ್ರಂಕು, ‘ಹೋಗ್ಲೇನ್ರಿ’ ಎಂದು ಸೋಮಪ್ಪ ಕೇಳಿದ್ದು, ‘ಹೋಗು’ ಎಂದು ಮಡಿವಾಳೆಪ್ಪ ಹೇಳಿದ್ದು. ಕೊನೆಗೆ, “ಆಮ್ಯಾಲೆ ನಾ ದಾರಿ ಬಿಟ್ಟೆ” ಎಂದಳು.

ಫೌಜದಾರ ಪೆನ್ನು ಎತ್ತಿದ. “ಇದನ್ನೂ ಬರೀಲೇನವಾ? ನೀ ಹೇಳಬೇಕಂತೇನಿಲ್ಲ.”

“ಬರೀರಿ. ಮಂದಿ ಇಳದ್ರಲ್ಲ, ಇನ್ನ ಇರೂದು ಒಬ್ಬಾಂವ ಅಂತ ಅನಿಸಿತ್ರಿ ನನಗ. ಆ ಒಬ್ಬಾಂವಗೂ ಅಡ್ಡ ನಿಲ್ಲಬೇಕಾಗಿತ್ತು.”

ರಾಯಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ಕೂತಿದ್ದ ದೇವಕ್ಕ ಕೋಲು ಊರಿ ಎದ್ದಳು. “ಆಕಿ ಹೇಳಿದ್ದ ಖರೆ ಐತಿ. ನಾ ಅಲ್ಲೇ ಇದ್ದೆ” ಎಂದಳು. ಮಡಿವಾಳೆಪ್ಪ ಗೋಡೆಗೆ ಒರಗಿ ನಿಂತಿದ್ದ. ಮೂರು ದಿನದಿಂದ ಗಡ್ಡ ಕೆರೆದಿರಲಿಲ್ಲ. ತಾಯಿಯನ್ನು ನೋಡಿದ, ನೆಲ ನೋಡಿದ. “ಹೋಗು ಅಂದಾಂವ ನಾನ” ಎಂದ.

ಕೇಸು ಬೈಲಹೊಂಗಲದ ಕೋರ್ಟಿನಲ್ಲಿ ಇನ್ನೂ ನಡೆದಿದೆ. ಮದುವೆ ಒಂದು ತಿಂಗಳ ನಂತರ, ವಾಲಗವಿಲ್ಲದೆ ಆಯಿತು. ಊರಲ್ಲಿ ಕೆಲವು ಮನೆಗಳವರು ಮಾಲವ್ವನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಆದರೂ ಮೋಡ ಕಪ್ಪಾದರೆ ಅದೇ ಮನೆಗಳ ಮಂದಿ ಬಾಗಿಲಿಗೆ ಬಂದು, ‘ಹಳ್ಳ ಹೆಂಗೈತಿ?’ ಎಂದು ಕೇಳುತ್ತಾರೆ. ಸೇತುವೆಯ ಎರಡೂ ಬದಿಗೆ ಪಂಚಾಯ್ತಿಯವರು ಕಂಬ ನೆಟ್ಟು ಸರಪಳಿ ಹಾಕಿದ್ದಾರೆ. ಕೀಲಿ ಮಾಲವ್ವನ ಹತ್ತಿರ. ಕಳೆದ ಮಳೆಗಾಲದಲ್ಲಿ ಆಕೆ ಒಂಬತ್ತು ಸಲ ಸರಪಳಿ ಬಿಗಿದಳು. ಆರು ಸಲ ಹಳ್ಳ ಬರಲಿಲ್ಲ. ಬೈಗುಳ ಒಂಬತ್ತೂ ಸಲ ಬಂದವು.

ಇದಕ್ಕೆಲ್ಲ ಮೊದಲು, ಸೋಮಪ್ಪನ ದಿನಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನ ಹೆಂಡತಿ ಬಾಯವ್ವ ಶಾಲೆಗೆ ಬಂದಿದ್ದಳು. ಅಳಲಿಲ್ಲ, ಬೈಯಲಿಲ್ಲ. “ಆ ಜಾಗಾ ನನಗ ತೋರಸು” ಎಂದಳು. ಇಬ್ಬರೂ ಒಂದು ಕಿಲೋಮೀಟರ್ ನಡೆದರು. ದಾರಿಯ ಎರಡೂ ಕಡೆ ಸೋಯಾಬೀನು ಮೊಳಕೆಯೊಡೆದಿತ್ತು.

ಮಾಲವ್ವ ಸೇತುವೆಯ ನಡುವೆ ನಿಂತು, ಕಿತ್ತ ಕಲ್ಲುಗಳ ಖಾಲಿ ಜಾಗ ತೋರಿಸಿದಳು. ಬಾಯವ್ವ ಸೀರೆ ಎತ್ತಿ ಹಿಡಿದು ಹಳ್ಳಕ್ಕೆ ಇಳಿದಳು. ನೀರು ಆಕೆಯ ಕಾಲಗಂಟು ಮುಟ್ಟಿತು, ಅಷ್ಟೇ. ಮರಳಿನ ಮೇಲೆ ಸಣ್ಣ ಮೀನಿನ ಮರಿಗಳು ಓಡಾಡುತ್ತಿದ್ದವು. ಆಕೆ ಬಗ್ಗಿ ಕಾಲ ಬಳಿಯ ನೀರು ನೋಡಿದಳು.

“ಇಷ್ಟ ನೀರೇನು?” ಎಂದಳು.